ಎಂಟು ಅಂಕ ಎಲ್ಲಿ ಹೋಯಿತು: ಪರಿಪೂರ್ಣತೆಯ ಹಟ ಮತ್ತು ಉಡುಪಿಯ ಒಂದು ಮನೆ

ಉಡುಪಿ ನಗರದ ಬ್ಯಾಂಕ್ ಶಾಖೆಯೊಂದರಲ್ಲಿ ಅಧಿಕಾರಿಯಾಗಿರುವ 43 ವರ್ಷದ ಮಹಿಳೆಯೊಬ್ಬರನ್ನು ಅವರ ಕುಟುಂಬ ವೈದ್ಯರು ಜುಲೈ ತಿಂಗಳ ನಡುವಿನಲ್ಲಿ ಆಪ್ತಸಮಾಲೋಚನೆಗೆಂದು ನನ್ನಲ್ಲಿಗೆ ಕಳುಹಿಸಿದರು. ವೈದ್ಯರ ಚೀಟಿಯಲ್ಲಿ ಇದ್ದುದು ನಾಲ್ಕೇ ಸಾಲು: ಎರಡು ವರ್ಷಗಳಿಂದ ಬಿಟ್ಟುಬಿಟ್ಟು ಬರುವ ತಲೆನೋವು, ಎದೆಯುರಿ, ಬೆಳಗಿನ ಜಾವ ಮೂರರ ಹೊತ್ತಿಗೆ ಎಚ್ಚರವಾದರೆ ಮತ್ತೆ ಹತ್ತದ ನಿದ್ದೆ, ಥೈರಾಯ್ಡ್, ಸಕ್ಕರೆ, ರಕ್ತದೊತ್ತಡ ಸರಿಯಾಗಿವೆ, ಕೆಲಸದ ಒತ್ತಡ ಇರಬಹುದು.

ಮುಂದುವರಿಯುವ ಮೊದಲು ಒಂದು ಸ್ಪಷ್ಟನೆ. ಈ ಪ್ರಕರಣವನ್ನು ಒಬ್ಬರದೇ ಬದುಕಿನಿಂದ ಎತ್ತಿಕೊಂಡಿಲ್ಲ. ಒಂದೇ ಬಗೆಯ ತೊಂದರೆಯ ಹಲವು ಸಂದರ್ಭಗಳ ಅಂಶಗಳನ್ನು ಕೂಡಿಸಿ, ವಯಸ್ಸು, ಮನೆ, ಉದ್ಯೋಗದ ವಿವರಗಳನ್ನು ಬದಲಿಸಿ ಕಟ್ಟಿದ್ದೇನೆ. ಇಲ್ಲಿ ಬರುವ ಆಕೆಯ ಅಂಕಿಗಳೂ ಹಾಗೆಯೇ. ಊರು ಚಿಕ್ಕದು, ಬ್ಯಾಂಕಿನವರೆಲ್ಲ ಒಬ್ಬರಿಗೊಬ್ಬರು ಪರಿಚಿತರು, ಗುರುತು ಹತ್ತುವಂತೆ ಬರೆಯುವುದು ಸಲ್ಲದು.

ಮೊದಲ ಭೇಟಿಗೆ ಆಕೆ ಇಪ್ಪತ್ತು ನಿಮಿಷ ಮುಂಚಿತವಾಗಿ ಬಂದರು. ಕೈಯಲ್ಲಿ ಒಂದು ಫೈಲು; ಅದರೊಳಗೆ ಎರಡು ವರ್ಷಗಳ ಎಲ್ಲ ರಕ್ತಪರೀಕ್ಷೆಯ ವರದಿಗಳು ದಿನಾಂಕದ ಅನುಕ್ರಮದಲ್ಲಿ, ಪ್ರತಿಯೊಂದರ ಅಂಚಿಗೂ ಬಣ್ಣದ ಚೀಟಿ ಅಂಟಿಸಿಕೊಂಡು ಕುಳಿತಿದ್ದವು. ತೊಂದರೆ ಏನೆಂದು ಕೇಳಿದಾಗ ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡೆ: 'ನನಗೆ ಟೆನ್ಷನ್ ಅಂತ ಏನೂ ಇಲ್ಲ ಮೇಡಂ. ಕೆಲಸ ಸರಿಯಾಗಿ ಆಗಬೇಕು, ಅಷ್ಟೇ. ಆದರೆ ಮನೆಯಲ್ಲೂ ಆಫೀಸಿನಲ್ಲೂ ಯಾರೂ ಒಂದು ಕೈ ಹಾಕುವುದಿಲ್ಲ.' ಮುಂದಿನ ಐದು ತಿಂಗಳ ಕೆಲಸವೆಲ್ಲ ಈ ಕೊನೆಯ ವಾಕ್ಯದ ಸುತ್ತಲೇ ನಡೆಯಿತು ಎನ್ನಬೇಕು.

ತಲೆನೋವಿಗಾಗಿ ಎರಡು ವರ್ಷ ಮಾತ್ರೆ ನುಂಗುತ್ತಿದ್ದವರು ಈಗೇಕೆ ಸಮಾಲೋಚನೆಗೆ ಒಪ್ಪಿಕೊಂಡರು ಎಂಬುದಕ್ಕೆ ಬೇರೆಯೇ ಕಾರಣವಿತ್ತು. ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿರುವ ಮಗಳು ಭೌತಶಾಸ್ತ್ರದ ಕಿರುಪರೀಕ್ಷೆಯ ಉತ್ತರಪತ್ರಿಕೆಯನ್ನು ಪಠ್ಯಪುಸ್ತಕಕ್ಕೆ ಹಾಕಿದ ಬೈಂಡಿನ ಒಳಗೆ ಮಡಚಿ ಅಡಗಿಸಿಟ್ಟಿದ್ದಳು. ಬೈಂಡು ಉಬ್ಬಿಕೊಂಡಿದೆಯೆಂದು ಸರಿಪಡಿಸಲು ಹೋದ ತಾಯಿಯ ಕೈಗೆ ಅದು ಸಿಕ್ಕಿತು. ಐವತ್ತರಲ್ಲಿ ನಲವತ್ತೆರಡು. ತಾಯಿ ಕೇಳಿದ್ದು ಒಂದೇ ಪ್ರಶ್ನೆ: 'ಉಳಿದ ಎಂಟು ಎಲ್ಲಿ ಹೋಯ್ತು?' ಮಗಳು ಉತ್ತರಿಸದೆ ಕೋಣೆಯ ಬಾಗಿಲು ಹಾಕಿಕೊಂಡಳು. ಆಮೇಲೆ ಮೂರು ದಿನ ತಾಯಿಯ ಜೊತೆ ಮಾತಿಲ್ಲ. ಮಗಳು ಸುಳ್ಳು ಹೇಳುವವಳಾದಳಲ್ಲ ಎಂಬ ಚಿಂತೆ ಆಕೆಯನ್ನು ಇಲ್ಲಿಯವರೆಗೆ ಕರೆತಂದಿತ್ತು.

ಮನೆ ಮತ್ತು ಶಾಖೆ

ಮನೆಯಲ್ಲಿ ನಾಲ್ವರು: ಆಕೆ, ಖಾಸಗಿ ಸಂಸ್ಥೆಯೊಂದರಲ್ಲಿ ದಾಸ್ತಾನು ನೋಡಿಕೊಳ್ಳುವ ಪತಿ, ಮಗಳು, 72 ವರ್ಷದ ಅತ್ತೆ. ಎರಡನೆಯ ಭೇಟಿಗೆ ಪತಿಯನ್ನು ಪ್ರತ್ಯೇಕವಾಗಿ ಕರೆದೆ. ಅವರು ದೂರುವ ಸ್ವಭಾವದವರಲ್ಲ. ಕೇಳಿದ ಮೇಲೆಯೇ ಹೇಳಿದ್ದು: ಮದುವೆಯಾದ ಹೊಸತರಿಂದ ರಾತ್ರಿಯ ಪಾತ್ರೆ ತೊಳೆಯುವುದು ತನ್ನ ಕೆಲಸವಾಗಿತ್ತು, ತೊಳೆದು ಬೋರಲು ಹಾಕಿದ ಪಾತ್ರೆಗಳಲ್ಲಿ ನಾಲ್ಕನ್ನಾದರೂ ಆಕೆ ಎತ್ತಿ ಬೆಳಕಿಗೆ ಹಿಡಿದು ಮತ್ತೆ ತೊಳೆಯುತ್ತಿದ್ದರು, ಬೈದದ್ದು ಒಮ್ಮೆಯೂ ಇಲ್ಲ. 'ಬೈದಿದ್ದರೆ ಜಗಳ ಆಡಬಹುದಿತ್ತು. ಏನೂ ಹೇಳದೆ ಮತ್ತೆ ತೊಳೆದರೆ ಎಂತ ಮಾಡುವುದು? ಎರಡು ಸಲ ನೀರು ಖರ್ಚು ಯಾಕೆ ಅಂತ ಬಿಟ್ಟೆ.' ಬಿಟ್ಟು ಏಳು ವರ್ಷವಾಗಿತ್ತು. ಪತಿಗೆ ಮನೆಗೆಲಸದಲ್ಲಿ ಆಸಕ್ತಿ ಇಲ್ಲವೆಂದು ಆಕೆ ಮೊದಲ ಭೇಟಿಯಲ್ಲಿ ನನ್ನೊಡನೆ ಹೇಳಿದ್ದರು.

ಅತ್ತೆಯವರ ವಿಷಯವೂ ಇದೇ ಜಾಡಿನದು. ಬೆಳಿಗ್ಗೆ ಮೆಟ್ಟುಕತ್ತಿಯ ಮುಂದೆ ಕುಳಿತು ತರಕಾರಿ ಹೆಚ್ಚಿಕೊಡುವುದು ಅವರ ಅಭ್ಯಾಸವಾಗಿತ್ತು. ವಯಸ್ಸಿನ ಕೈ; ಅಲಸಂಡೆಯ ತುಂಡು ಒಂದು ಉದ್ದ, ಒಂದು ಗಿಡ್ಡ ಆಗುತ್ತಿತ್ತು. ಸೊಸೆ ಉದ್ದದ ತುಂಡುಗಳನ್ನು ಆರಿಸಿ ಚೂರಿಯಿಂದ ಮತ್ತೆ ಸರಿಮಾಡುತ್ತಿದ್ದುದನ್ನು ಅವರು ಕೆಲವು ತಿಂಗಳು ನೋಡಿದರು; ಒಂದು ದಿನ ಮೆಟ್ಟುಕತ್ತಿಯನ್ನು ಮೂಲೆಗೆ ಒರಗಿಸಿ ಟಿವಿಯ ಕೋಣೆಗೆ ನಡೆದರು. ಯಾರೂ ಯಾರಿಗೂ ಏನನ್ನೂ ಹೇಳಲಿಲ್ಲ.

ಶಾಖೆಯಲ್ಲಿ ಆಕೆಯ ಹೆಸರಿಗೆ ಎದುರಿಲ್ಲ. ಅವರ ಟೇಬಲ್ಲಿಗೆ ಸಂಬಂಧಿಸಿದ ಸಾಲಪತ್ರಗಳಲ್ಲಿ ಆಡಿಟಿನವರಿಗೆ ಒಂದು ಟಿಪ್ಪಣಿಯೂ ಸಿಗದೆ ಹೋದ ವರ್ಷಗಳುಂಟು. ಹಾಗೆ ಆದಾಗ ಸಂತೋಷವಾಯಿತೇ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, 'ಈ ಸಲದ ಆಡಿಟರ್ ಅಷ್ಟು ಬಿಗಿ ಇರಲಿಲ್ಲ' ಎಂದರು. ತಲಪಿದ ಗುರಿಯನ್ನು ತಲಪಿದ ಮರುಕ್ಷಣವೇ ಅಗ್ಗದ್ದೆಂದು ತಳ್ಳಿಹಾಕುವ ಈ ರೀತಿಯನ್ನು ಸಂಶೋಧಕರಾದ ರೋಜ್ ಶಾಫ್ರನ್, ಜಾಫ್ರಾ ಕೂಪರ್, ಕ್ರಿಸ್ಟೋಫರ್ ಫೇರ್‌ಬರ್ನ್ ಅವರು 2002ರಲ್ಲಿ ಚಿಕಿತ್ಸೆ ಬೇಕಾಗುವ ಮಟ್ಟದ ಪರಿಪೂರ್ಣತಾವಾದವನ್ನು ವಿವರಿಸುವಾಗ ಎತ್ತಿ ತೋರಿಸಿದ್ದಾರೆ. ಅವರ ವಿವರಣೆಯ ತಿರುಳು ಇಷ್ಟು: ತಾನೇ ವಿಧಿಸಿಕೊಂಡ ಕಠಿಣ ಮಟ್ಟವನ್ನು ಮುಟ್ಟಿದೆನೋ ಇಲ್ಲವೋ ಎಂಬುದರ ಮೇಲೆಯೇ ತನ್ನ ಬೆಲೆ ನಿಂತಿದೆಯೆಂದು ವ್ಯಕ್ತಿ ನಂಬಿರುತ್ತಾನೆ, ಅದರಿಂದ ಹಾನಿಯಾಗುತ್ತಿರುವುದು ಕಾಣುತ್ತಿದ್ದರೂ ಬಿಡಲಾರದೆ ಇರುತ್ತಾನೆ, ಸೋತರೆ ತನ್ನನ್ನೇ ಹಳಿದುಕೊಳ್ಳುತ್ತಾನೆ, ಗೆದ್ದರೆ ಮಟ್ಟವೇ ಕೆಳಗಿತ್ತೆಂದುಕೊಂಡು ಇನ್ನಷ್ಟು ಏರಿಸುತ್ತಾನೆ.

ಶಾಖೆಯ ಇನ್ನೊಂದು ಮುಖವನ್ನು ಬಿಡಿಸಲು ನಾಲ್ಕು ಭೇಟಿಗಳು ಬೇಕಾದವು. ಕಿರಿಯ ಸಹೋದ್ಯೋಗಿಗಳು ಸಿದ್ಧಪಡಿಸಿದ ಟಿಪ್ಪಣಿಯನ್ನು ಆಕೆ ತಿದ್ದಲು ತೊಡಗಿ ಕೊನೆಗೆ ತಾನೇ ಮೊದಲಿನಿಂದ ಬರೆಯುತ್ತಿದ್ದರು. ಹೇಗೂ ಮೇಡಂ ಬದಲಿಸುತ್ತಾರೆ ಎಂದು ಅವರು ಅರೆಬರೆ ಮಾಡಿ ಕೊಡಲಾರಂಭಿಸಿದ್ದರು. ವಲಯ ಕಚೇರಿಗೆ ಹೋಗುವ ಒಂದು ಇಮೇಲನ್ನು ಆರೇಳು ಬಾರಿ ಓದಿ, ಕಳುಹಿಸಿದ ಮೇಲೆ ಮತ್ತೊಮ್ಮೆ ತೆರೆದು ಓದುತ್ತಿದ್ದರು. ರಾತ್ರಿ ಎಂಟಕ್ಕೆ ಮೊದಲು ಮನೆ ಸೇರುವುದು ಅಪರೂಪ. ಬಡ್ತಿಯ ಸಂದರ್ಶನಕ್ಕೆ ಎರಡು ಬಾರಿ ಅರ್ಜಿ ಹಾಕಿರಲಿಲ್ಲ. ವರ್ಗಾವಣೆಯ ಭಯ ಎಂದು ಮನೆಯವರೂ ಸಹೋದ್ಯೋಗಿಗಳೂ ತಿಳಿದಿದ್ದರು. ಕರಾವಳಿಯ ಬ್ಯಾಂಕ್ ನೌಕರರ ಮಟ್ಟಿಗೆ ಅದು ಯಾರೂ ಪ್ರಶ್ನಿಸದ ಕಾರಣ. ಆದರೆ ಆಕೆ ನನಗೆ ಹೇಳಿದ್ದು, ಪೂರ್ತಿ ತಯಾರಿಯಾಗದೆ ಕುಳಿತು ಒಂದು ಪ್ರಶ್ನೆಗೆ ತಡವರಿಸಿದರೆ ಆ ಕೋಣೆಯಿಂದ ಎದ್ದು ಬರುವುದು ಹೇಗೆ ಎಂದು.

ಅಳೆದು ನೋಡಿದ್ದು

ಆತಂಕದ ಜಿಎಡಿ-7 ಪ್ರಶ್ನಾವಳಿಯಲ್ಲಿ ಆಕೆಗೆ 21ರಲ್ಲಿ 14, ಖಿನ್ನತೆಯ ಪಿಎಚ್‌ಕ್ಯೂ-9ರಲ್ಲಿ 27ರಲ್ಲಿ 11 ಬಂತು. ಎರಡೂ ಮಧ್ಯಮ ಮಟ್ಟ. ಪ್ರಶ್ನಾವಳಿಯನ್ನು ಹಿಂದಿರುಗಿಸುವಾಗ, ಇದರಲ್ಲಿ ಕಡಿಮೆ ಬಂದರೆ ಒಳ್ಳೆಯದೋ ಹೆಚ್ಚು ಬಂದರೆ ಒಳ್ಳೆಯದೋ ಎಂದು ವಿಚಾರಿಸಿದರು. ಹೇಳಿದ ಮೇಲೆ, ಮೊದಲೇ ತಿಳಿಸಿದ್ದರೆ ನೋಡಿ ಬರೆಯಬಹುದಿತ್ತು ಎಂದರು. ನಗುತ್ತಲೇ ಹೇಳಿದ್ದಾದರೂ ಅದರಲ್ಲಿ ಅರ್ಧ ನಿಜವಿತ್ತು. ಆತ್ಮಹತ್ಯೆಯ ಯೋಚನೆಗಳ ಬಗ್ಗೆ ನೇರವಾಗಿ ಕೇಳಿದೆ, ಇರಲಿಲ್ಲ. ಎಲ್ಲರಿಗೂ ಕೊಡುವಂತೆ ಟೆಲಿಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಬರೆದುಕೊಟ್ಟೆ.

ಗೀಳು ಕಾಯಿಲೆ ಇರಬಹುದೇ ಎಂಬ ಸಂದೇಹ ಇಂಥಲ್ಲಿ ಸಹಜ. ಆದರೆ ಬೇಡವೆಂದರೂ ನುಗ್ಗಿಬರುವ, ಅಸಂಬದ್ಧವೆಂದು ತನಗೇ ಅನಿಸುವ ಯೋಚನೆಗಳಾಗಲಿ, ಅವನ್ನು ಶಮನಗೊಳಿಸಲು ಮಾಡಲೇಬೇಕಾದ ಕ್ರಿಯೆಗಳಾಗಲಿ ಆಕೆಯಲ್ಲಿ ಕಾಣಲಿಲ್ಲ. ಪಾತ್ರೆಯನ್ನು ಮತ್ತೆ ತೊಳೆಯುವುದು ಆಕೆಯ ದೃಷ್ಟಿಯಲ್ಲಿ ತೀರಾ ಸಮಂಜಸವಾದ ಕೆಲಸವಾಗಿತ್ತು. ಪರಿಪೂರ್ಣತಾವಾದವೆಂಬುದು ಸ್ವತಃ ಒಂದು ರೋಗನಿರ್ಣಯವೂ ಅಲ್ಲ. ಮನೋರೋಗಗಳನ್ನು ಗುರುತಿಸಲು ಬಳಸುವ ಡಿಎಸ್ಎಂ-5 ಕೈಪಿಡಿಯಲ್ಲಿ ಅದು ಗೀಳು ಸ್ವರೂಪದ ವ್ಯಕ್ತಿತ್ವದೋಷದ ಒಂದು ಲಕ್ಷಣವಾಗಿ ಮಾತ್ರ ಬರುತ್ತದೆ. ಆ ದೋಷವೆನ್ನಲು ಬೇಕಾದಷ್ಟು ಲಕ್ಷಣಗಳು ಈಕೆಯಲ್ಲಿ ಇರಲಿಲ್ಲ. ಆದರೂ ಖಿನ್ನತೆ, ಆತಂಕ, ಆಹಾರ ಸೇವನೆಯ ತೊಂದರೆಗಳು ಹೀಗೆ ಒಂದಕ್ಕೊಂದು ಸಂಬಂಧವಿಲ್ಲದಂತೆ ತೋರುವ ಹಲವು ಕಾಯಿಲೆಗಳ ಅಡಿಯಲ್ಲಿ ಈ ಹಟ ಕಾಣಿಸಿಕೊಳ್ಳುವುದರಿಂದ ಅದನ್ನೇ ಹಿಡಿದು ಚಿಕಿತ್ಸೆ ನಡೆಸುವುದು ಈಗ ರೂಢಿಯಲ್ಲಿದೆ.

ಪಾಲ್ ಹ್ಯೂಯಿಟ್ ಮತ್ತು ಗಾರ್ಡನ್ ಫ್ಲೆಟ್ ಅವರು 1991ರಲ್ಲಿ ಇದನ್ನು ಮೂರು ದಿಕ್ಕುಗಳಲ್ಲಿ ನೋಡಿದರು: ತನ್ನಿಂದ ತಾನೇ ಬಯಸುವ ಪರಿಪೂರ್ಣತೆ, ಇತರರಿಂದ ಬಯಸುವುದು, ಇತರರು ತನ್ನಿಂದ ಬಯಸುತ್ತಿದ್ದಾರೆಂದು ನಂಬುವುದು. 45 ಹೇಳಿಕೆಗಳ ಅವರ ಮಾಪಕವನ್ನು ನಾನು ಆಕೆಯ ಕೈಗೆ ಕೊಡಲಿಲ್ಲ. ಅಂಕದಿಂದಲೇ ನಲುಗಿದವರಿಗೆ ಇನ್ನೊಂದು ಅಂಕ ಏಕೆ ಎಂದು ಆ ಮೂರು ದಿಕ್ಕುಗಳನ್ನೇ ಮಾತುಕತೆಯ ದಾರಿಯಾಗಿ ಬಳಸಿಕೊಂಡೆ. ಮೂರೂ ಇದ್ದವು, ಆದರೆ ಒಂದೊಂದು ಒಂದೊಂದು ಜಾಗದಲ್ಲಿ: ಶಾಖೆಯಲ್ಲಿ ಮೊದಲನೆಯದು, ಅಡುಗೆಮನೆಯಲ್ಲಿ ಎರಡನೆಯದು, ಮಗಳ ಓದಿನ ವಿಷಯದಲ್ಲಿ ಮೂರನೆಯದು. ಈ ಮೂರನೆಯದಕ್ಕೆ ಊರಿನ ಗಾಳಿಯೂ ಸೇರಿಕೊಂಡಿದೆ. ಪಿಯುಸಿ ಫಲಿತಾಂಶ ಬಂದ ದಿನ ದಕ್ಷಿಣ ಕನ್ನಡವೋ ಉಡುಪಿಯೋ ಯಾವುದು ಮೊದಲು ಎಂಬುದೇ ಇಲ್ಲಿನ ಸುದ್ದಿ. ಮೊದಲೆರಡು ಸ್ಥಾನ ಈ ಎರಡು ಜಿಲ್ಲೆಗಳಿಗೇ ಎಂಬಂತೆ ಮಾತು ನಡೆಯುತ್ತದೆ. ಅಂಥ ಊರಿನಲ್ಲಿ ಐವತ್ತಕ್ಕೆ ನಲವತ್ತೆರಡನ್ನು ನೆರೆಮನೆಯವರೊಡನೆ ಹೇಳಿಕೊಳ್ಳಲಾಗದು ಎಂದು ತಾಯಿಗೆ ಅನಿಸಿದ್ದರೆ ಅದನ್ನು ಭ್ರಮೆಯೆಂದು ತಳ್ಳಿಹಾಕುವಂತಿಲ್ಲ. ಥಾಮಸ್ ಕರನ್ ಮತ್ತು ಆಂಡ್ರ್ಯೂ ಹಿಲ್ ಅವರು ಅಮೆರಿಕ, ಕೆನಡಾ, ಬ್ರಿಟನ್‌ಗಳ 41,641 ಕಾಲೇಜು ವಿದ್ಯಾರ್ಥಿಗಳ ಉತ್ತರಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 1989ರಿಂದ 2016ರ ನಡುವೆ ಮೂರೂ ಬಗೆಗಳು ಏರಿದ್ದವು, ಎಲ್ಲಕ್ಕಿಂತ ಹೆಚ್ಚು ಏರಿದ್ದು ಈ ಮೂರನೆಯದು. ಆ ಅಂಕಿ ನಮ್ಮ ಮಕ್ಕಳದ್ದಲ್ಲ. ಆದರೂ ಪಿಯುಸಿ ಮಕ್ಕಳ ಜೊತೆ ಕುಳಿತವರಿಗೆ ಅದು ಅಪರಿಚಿತವೆನಿಸದು.

ನಮ್ಮ ಮಾತಿನಲ್ಲಿ ಈ ಗುಣಕ್ಕೆ ಇರುವುದು ಹೊಗಳಿಕೆಯ ಪದಗಳೇ. ಅಚ್ಚುಕಟ್ಟು, ಒಪ್ಪ ಓರಣ, ಕಟ್ಟುನಿಟ್ಟು. ಇವುಗಳಲ್ಲಿ ಯಾವುದನ್ನೂ ಚಿಕಿತ್ಸೆಯ ಹೆಸರಿನಲ್ಲಿ ಕಿತ್ತುಹಾಕಬೇಕಿಲ್ಲ. ರ‍್ಯಾಂಡಿ ಫ್ರಾಸ್ಟ್ ಮತ್ತು ಸಂಗಡಿಗರು 1990ರಲ್ಲಿ ರೂಪಿಸಿದ ಮಾಪಕದಲ್ಲಿ ಎತ್ತರದ ಮಟ್ಟವನ್ನು ಇಟ್ಟುಕೊಳ್ಳುವುದು ಬೇರೆ, ತಪ್ಪಿನ ಬಗ್ಗೆ ಕಳವಳಪಡುವುದು ಬೇರೆ ಎಂದು ವಿಂಗಡಿಸಿದ್ದರು. ಮನಸ್ಸಿನ ಸಂಕಟದೊಡನೆ ಹೆಚ್ಚು ಗಟ್ಟಿಯಾಗಿ ಹೆಣೆದುಕೊಂಡಿರುವುದು ಎರಡನೆಯದು. ಈ ವಿಂಗಡಣೆ ನನ್ನ ಮಟ್ಟಿಗೆ ದಿನನಿತ್ಯದ ಉಪಯೋಗಕ್ಕೆ ಬಂದಿದೆ, ಏಕೆಂದರೆ ಬರುವವರೆಲ್ಲರಿಗೂ ಇರುವ ಮೊದಲ ಅಂಜಿಕೆ ಒಂದೇ: ಇವರು ನನ್ನನ್ನು ಕೊಳಕು ಕೆಲಸಕ್ಕೆ ಒಗ್ಗಿಸುತ್ತಾರೆ ಎಂದು.

ಪಿಗ್ಮಿ ಪುಸ್ತಕ

ಆಕೆಯ ತಂದೆ ಪಿಗ್ಮಿ ಸಂಗ್ರಾಹಕರಾಗಿದ್ದರು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಮನೆಬಾಗಿಲಿಗೆ ಹೋಗಿ ಪಡೆಯುವ ಪಿಗ್ಮಿ ಠೇವಣಿ 1928ರಲ್ಲಿ ಉಡುಪಿಯಲ್ಲಿಯೇ ಆರಂಭವಾದದ್ದು. ಆಕೆಯ ಬಾಲ್ಯದ ಹೊತ್ತಿಗೆ ರಥಬೀದಿಯ ಸುತ್ತಿನ ಅಂಗಡಿಗಳಲ್ಲಿ ಸಂಜೆಯ ಸಂಗ್ರಹ ನಿತ್ಯದ ನೋಟವಾಗಿತ್ತು. ತಂದೆ ರಾತ್ರಿ ಜಗಲಿಯಲ್ಲಿ ಕುಳಿತು ನಾಣ್ಯಗಳನ್ನು ಗುಡ್ಡೆ ಮಾಡಿ ಎಣಿಸಿ ಪುಸ್ತಕದೊಡನೆ ತಾಳೆ ನೋಡುವಾಗ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಕಡಿಮೆ ಬಿದ್ದರೆ ಕೈಯಿಂದ ಹಾಕಬೇಕು. ಹಾಗೆಂದು ಅವರು ಕೂಗಾಡುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. 'ಎರಡು ರೂಪಾಯಿ ಎಲ್ಲಿ ಹೋಯ್ತು?' ಎಂದು ತಮ್ಮಷ್ಟಕ್ಕೆ ಕೇಳಿಕೊಳ್ಳುತ್ತ ಮತ್ತೆ ಎಣಿಸುತ್ತಿದ್ದರು. ಸಿಗುವವರೆಗೆ ಊಟವಿಲ್ಲ, ಅವರು ಉಣ್ಣದೆ ತಾಯಿಯೂ ಉಣ್ಣುತ್ತಿರಲಿಲ್ಲ. ಎಂಟು ವರ್ಷದ ಹುಡುಗಿ ಮೂಲೆಯಲ್ಲಿ ಕುಳಿತು ಆ ಎರಡು ರೂಪಾಯಿ ಸಿಗಲೆಂದು ದೇವರಿಗೆ ಕೈ ಮುಗಿಯುತ್ತಿದ್ದಳು.

ಐದನೆಯ ಭೇಟಿಯಲ್ಲಿ ಇದನ್ನು ಹೇಳುತ್ತಿದ್ದವರು ವಾಕ್ಯದ ನಡುವೆ ನಿಂತರು. 'ಎಲ್ಲಿ ಹೋಯ್ತು' ಎಂಬ ಮಾತು ತಮ್ಮ ಬಾಯಿಂದ ಈಚೆಗೆ ಯಾವಾಗ ಬಂದಿತ್ತು ಎಂಬುದು ಅವರಿಗೇ ಹೊಳೆಯಿತು, ನಾನು ತೋರಿಸಬೇಕಾಗಲಿಲ್ಲ. ಮಗಳ ನಲವತ್ತೆರಡನ್ನು ಆಕೆ ನೋಡಿರಲೇ ಇಲ್ಲ. ಎಂಟು ಕಡಿಮೆ ಬಿದ್ದಿದೆ, ಯಾರಾದರೂ ಕೈಯಿಂದ ಹಾಕಬೇಕು ಎಂಬಷ್ಟೇ ಅವರಿಗೆ ಕಂಡದ್ದು.

ತಂದೆಯನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುವ ಉದ್ದೇಶ ಇಲ್ಲಿಲ್ಲ. ಅವರ ಲೆಕ್ಕಕ್ಕೆ ಕಾರಣವಿತ್ತು: ಸಂಬಳವಿಲ್ಲದೆ ಕಮಿಷನ್ನಿನ ಮೇಲೆ ಬದುಕುವವನಿಗೆ ಎರಡು ರೂಪಾಯಿ ಎರಡು ರೂಪಾಯಿಯೇ. ಅವರ ಮಗಳಾದ ಈಕೆ ಆ ಲೆಕ್ಕವನ್ನು ಕಾರಣ ತೀರಿದ ಮೇಲೂ, ಅಲಸಂಡೆಗೂ ಇಮೇಲಿಗೂ ಅನ್ವಯಿಸಿಕೊಂಡರು ಎಂಬಲ್ಲಿ ತೊಡಕು.

ಇಷ್ಟು ಕೈಗೆ ಬಂದ ಮೇಲೆ ಪ್ರಕರಣದ ಸುಳಿಯನ್ನು ಹಾಳೆಯೊಂದರ ಮೇಲೆ ಇಬ್ಬರೂ ಸೇರಿ ಬರೆದೆವು. ಬೇರೆಯವರು ಮಾಡಿದ್ದನ್ನು ಆಕೆ ಸದ್ದಿಲ್ಲದೆ ಮತ್ತೆ ಮಾಡುತ್ತಾರೆ. ಮಾಡಿದವರಿಗೆ ಅದು ತಿಳಿಯುತ್ತದೆ, ಅವರು ಸದ್ದಿಲ್ಲದೆ ಕೈ ಹಿಂದೆಗೆಯುತ್ತಾರೆ. ಕೆಲಸವೆಲ್ಲ ಆಕೆಯ ಮೇಲೆ ಬೀಳುತ್ತದೆ. ದಣಿದ ಕೈಯಿಂದ ಸಣ್ಣಪುಟ್ಟ ತಪ್ಪು ಹೆಚ್ಚುತ್ತದೆ, ತಪ್ಪಿನ ಹೆದರಿಕೆಗೆ ಮರುಪರಿಶೀಲನೆ ಹೆಚ್ಚುತ್ತದೆ, ರಾತ್ರಿ ಮಲಗಿದ ಮೇಲೂ ದಿನದ ವೋಚರುಗಳು ಕಣ್ಣಮುಂದೆ ಬರುತ್ತವೆ. ಕೆಲಸ ಮುಗಿದರೂ ಮೆಲುಕು ನಿಲ್ಲದಿದ್ದಾಗ ದೇಹ ಎಚ್ಚರದ ಸ್ಥಿತಿಯಿಂದ ಇಳಿಯುವುದೇ ಇಲ್ಲ. ಬಿಗಿದ ದವಡೆ, ತಲೆನೋವು, ಮೂರು ಗಂಟೆಯ ಎಚ್ಚರ ಅದರ ಫಲ. 'ಯಾರೂ ಒಂದು ಕೈ ಹಾಕುವುದಿಲ್ಲ' ಎಂಬುದು ಆಕೆಯ ಅನುಭವದಲ್ಲಿ ಪೂರ್ಣ ಸತ್ಯವಾಗಿತ್ತು. ಆ ಕೈಗಳು ಹೇಗೆ ಹಿಂದೆ ಸರಿದವು ಎಂಬುದಷ್ಟೇ ಕಂಡಿರಲಿಲ್ಲ. ಪರಿಪೂರ್ಣತಾವಾದ ಮನುಷ್ಯನನ್ನು ಸುತ್ತಲಿನವರಿಂದ ಬೇರ್ಪಡಿಸುತ್ತದೆ, ಆ ಬೇರ್ಪಡೆಯೇ ಖಿನ್ನತೆಗೆ ದಾರಿಯಾಗುತ್ತದೆ ಎಂದು ಹ್ಯೂಯಿಟ್, ಫ್ಲೆಟ್ ಮತ್ತಿತರರು ಆಮೇಲೆ ಮಂಡಿಸಿದ ವಿಚಾರಕ್ಕೆ ಇದಕ್ಕಿಂತ ಸರಳ ಉದಾಹರಣೆ ನನಗೆ ಸಿಕ್ಕಿಲ್ಲ.

ಚಿಕಿತ್ಸೆ

ವರ್ತನಾ ಪ್ರಯೋಗಗಳನ್ನು, ಅಂದರೆ ಹೆದರಿದ್ದು ನಿಜವಾಗಿ ಆಗುತ್ತದೆಯೇ ಎಂದು ಮಾಡಿ ನೋಡುವುದನ್ನು, ಆಧರಿಸಿದ ಅರಿವು-ವರ್ತನಾ ಚಿಕಿತ್ಸೆಯನ್ನು ಆರಿಸಿಕೊಂಡೆ. ಡಿಸೆಂಬರ್ ತನಕ ಒಟ್ಟು ಹನ್ನೆರಡು ಭೇಟಿಗಳು ನಡೆದವು. ಮೊದಲ ಮನೆಗೆಲಸ, ಒಂದು ವಾರ ತಾನು ಮತ್ತೆ ಮಾಡಿದ ಕೆಲಸಗಳನ್ನೆಲ್ಲ ಬರೆದಿಡುವುದು. ವಾರದ ಕೊನೆಗೆ ಅವರು ತಂದ ಪುಸ್ತಕದಲ್ಲಿ ಅಂಚುಗೆರೆ ಎಳೆದು, ಎರಡು ಬಣ್ಣದ ಶಾಯಿಯಲ್ಲಿ 43 ನಮೂದುಗಳನ್ನು ಸಮಯ ಸಹಿತ ದಾಖಲಿಸಲಾಗಿತ್ತು. ನೋಡಿದವಳೇ 'ಎಷ್ಟು ಚೆನ್ನಾಗಿ ಬರೆದಿದ್ದೀರಿ' ಎಂದುಬಿಟ್ಟೆ. ಆಕೆಯ ಮುಖ ಅರಳಿತು, ನನಗೆ ಆ ಕ್ಷಣವೇ ತಪ್ಪಿನ ಅರಿವಾಯಿತು. ಕರಡು ಪ್ರತಿ ಬೇರೆ ಇದೆಯೇ ಎಂದು ಕೇಳಿದಾಗ ಇದೆಯೆಂದರು. ಇದು ಭಾನುವಾರ ಕುಳಿತು ಪ್ರತಿ ಮಾಡಿದ್ದು. ಚಿಕಿತ್ಸೆಯೂ ಒಂದು ಆಡಿಟ್ ಆಗಿ, ನಾನು ಅದರ ಆಡಿಟರ್ ಆಗಿದ್ದೆ. ಮುಂದಿನ ವಾರದಿಂದ ಹಳೆಯ ಚೀಟಿಗಳ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದು ತರಬೇಕೆಂದು ಒಪ್ಪಂದವಾಯಿತು. ಇಂಥ ಹೊಗಳಿಕೆ ಬಾಯಿತಪ್ಪಿ ಬರುವುದು ನಮ್ಮ ವೃತ್ತಿಯಲ್ಲಿ ವಿರಳವೇನೂ ಅಲ್ಲ. ಶ್ರದ್ಧೆಯಿಂದ ಮಾಡಿ ತರುವವರು ನಮಗೂ ಇಷ್ಟವೇ.

ಎರಡನೆಯ ಪ್ರಯೋಗವೂ ಕೆಟ್ಟಿತು. ಪತಿ ಒಂದು ವಾರ ಪಾತ್ರೆ ತೊಳೆಯುವುದು, ಆಕೆ ಮುಟ್ಟದಿರುವುದು ಎಂದು ನಿಶ್ಚಯವಾಗಿತ್ತು. ಮೂರನೆಯ ರಾತ್ರಿ ಹನ್ನೊಂದು ಗಂಟೆಗೆ ನೀರಿನ ಸದ್ದು ಕೇಳಿ ಪತಿ ಎದ್ದು ಬಂದರೆ, ಆಕೆ ದೀಪ ಹಾಕದೆ ಮೊಬೈಲಿನ ಬೆಳಕಿನಲ್ಲಿ ಒಂದು ಬಾಣಲೆಯನ್ನು ಉಜ್ಜುತ್ತಿದ್ದರು. ಮುಂದಿನ ಭೇಟಿಯಲ್ಲಿ ಆಕೆ ಅತ್ತರು. ಸೋತೆನೆಂಬ ನಾಚಿಕೆಯ ಜೊತೆಗೆ ಇನ್ನೊಂದು ಕಾರಣವೂ ಇತ್ತು: ಬಾಣಲೆಯನ್ನು ನೋಡಿ ಪತಿ ಒಂದು ಮಾತೂ ಆಡದೆ ಹೋಗಿ ಮಲಗಿದ್ದರು, ಆ ಮೌನ ಎಷ್ಟು ಹಳೆಯದೆಂಬುದು ಅಂದು ಮೊದಲ ಬಾರಿ ಆಕೆಯನ್ನು ತಟ್ಟಿತ್ತು.

ಕೆಲಸ ಸರಿದಾರಿಗೆ ಬಂದದ್ದು ಆಕೆಯ ವೃತ್ತಿಯ ಒಂದು ನಿಯಮದಿಂದ. ಬ್ಯಾಂಕಿನಲ್ಲಿ ಎಂಟ್ರಿ ಹಾಕುವವರು ಒಬ್ಬರು, ಅದನ್ನು ಪಾಸ್ ಮಾಡುವವರು ಇನ್ನೊಬ್ಬರು. ಹಾಕಿದವರೇ ಪಾಸ್ ಮಾಡಲು ಕಂಪ್ಯೂಟರ್ ಬಿಡುವುದಿಲ್ಲ. ಈ ವ್ಯವಸ್ಥೆ ಏಕಿದೆ ಎಂದು ನಾನು ಅರಿಯದವಳಂತೆ ಕೇಳಿದೆ. ಮೋಸ ತಡೆಯಲು ಎಂದರು. ಮೋಸ ಮಾಡದವರಿಗೆ? 'ಅವರಿಗೂ ಕಣ್ಣು ತಪ್ಪುತ್ತದಲ್ಲ' ಎಂದರು. ಅಂದರೆ ಎಷ್ಟೇ ನಿಪುಣರಾದರೂ ಒಬ್ಬ ಮನುಷ್ಯನಿಗೆ ಕಣ್ಣು ತಪ್ಪಿಯೇ ತಪ್ಪುತ್ತದೆ ಎಂದು ಒಪ್ಪಿಕೊಂಡೇ ಬ್ಯಾಂಕು ನಡೆಯುತ್ತಿದೆ. ಇಪ್ಪತ್ತು ವರ್ಷ ಆ ನಿಯಮದೊಳಗೆ ದುಡಿದ ಆಕೆ ಮನೆಯಲ್ಲೂ ಶಾಖೆಯಲ್ಲೂ ಹಾಕುವವರೂ ತಾನೇ, ಪಾಸ್ ಮಾಡುವವರೂ ತಾನೇ ಆಗಲು ಹೊರಟಿದ್ದರು. ಈ ಮಾತು ನನ್ನದಕ್ಕಿಂತ ಬೇಗ ಅವರದಾಯಿತು. ಮುಂದೆ ಪ್ರತಿ ಕೆಲಸಕ್ಕೂ ಮುಂಚೆ 'ಇದರಲ್ಲಿ ನಾನು ಯಾರು' ಎಂದು ಕೇಳಿಕೊಳ್ಳುವುದು ಅವರೇ ರೂಪಿಸಿಕೊಂಡ ಅಭ್ಯಾಸ. ಪಾತ್ರೆಯ ವಿಷಯದಲ್ಲಿ ತಾನು ಎರಡೂ ಅಲ್ಲವೆಂದು ತೀರ್ಮಾನಿಸಿಕೊಂಡರು.

ಆ ವರ್ಷದ ಅಷ್ಟಮಿ ದೊಡ್ಡ ಪರೀಕ್ಷೆಯಾಗಿ ಬಂತು. ಉಡುಪಿಯಲ್ಲಿ ಅಷ್ಟಮಿಯೆಂದರೆ ಉಂಡೆ, ಚಕ್ಕುಲಿ. ನಡುರಾತ್ರಿ ಚಂದ್ರೋದಯದ ಅರ್ಘ್ಯಕ್ಕೆ ಮೊದಲು ಎಲ್ಲವೂ ಸಿದ್ಧವಾಗಿರಬೇಕು. ಆಕೆಯ ಚಕ್ಕುಲಿಗೆ ಬಂಧುಗಳಲ್ಲಿ ಹೆಸರಿತ್ತು. ಸುತ್ತುಗಳೆಲ್ಲ ಒಂದೇ ಅಳತೆ, ಒಂದಾದರೂ ಬಿರುಕು ಬಿಡದು. ಪ್ರತಿ ವರ್ಷ ಬ್ರಹ್ಮಾವರದಿಂದ ಬರುವ ನಾದಿನಿ ಮಾಡುತ್ತಿದ್ದುದು ಹಿಟ್ಟು ಎತ್ತಿಕೊಡುವ ಕೆಲಸ ಮಾತ್ರ. ಈ ಸಲ ಚಕ್ಕುಲಿ ಒತ್ತುವ ಒರಳನ್ನು ನಾದಿನಿಗೆ ಕೊಟ್ಟು ತಾನು ಎಣ್ಣೆಯ ಬಾಣಲೆಯ ಬಳಿ ನಿಲ್ಲುವುದು, ಒಂದೂ ಚಕ್ಕುಲಿಯನ್ನು ಒತ್ತಿ ಮುದ್ದೆ ಮಾಡಿ ವಾಪಸು ಕೊಡದಿರುವುದು ಎಂದು ಗೊತ್ತುಮಾಡಿಕೊಂಡೆವು. ಪ್ರಯೋಗಕ್ಕೆ ಮೊದಲು, ಏನಾಗಬಹುದೆಂಬ ಅವರ ಊಹೆಯನ್ನು ಚೀಟಿಯ ಹಿಂಬದಿಯಲ್ಲಿ ಬರೆಸಿದೆ. 'ಬಂದವರು ಅರ್ಧ ತಿಂದು ಬಿಡುತ್ತಾರೆ. ಅತ್ತೆ ಏನಾದರೂ ಹೇಳುತ್ತಾರೆ. ನನಗೆ ರಾತ್ರಿ ನಿದ್ದೆ ಬರುವುದಿಲ್ಲ.'

ಚಕ್ಕುಲಿಗಳು ಸೊಟ್ಟಗಾದವು. ಕೆಲವು ಎಂಟರ ಆಕಾರಕ್ಕೆ ಬಂದವು. ಅಷ್ಟಮಿಯ ಬೆನ್ನಿಗೇ ಬರುವ ವಿಟ್ಲಪಿಂಡಿ ಉತ್ಸವದ ಮರುದಿನದ ಹೊತ್ತಿಗೆ ಡಬ್ಬ ಖಾಲಿಯಾಗಿತ್ತು. ಅತ್ತೆ ಹೇಳಿದ್ದೇನೋ ನಿಜ: 'ಈ ಸಲ ಅಡಿಗೆಮನೆಯಲ್ಲಿ ನಗು ಕೇಳಿತು.' ಮೂರನೆಯ ಊಹೆ ಸರಿಯಾಗಿತ್ತು, ಆಕೆಗೆ ಅಂದು ನಿದ್ದೆ ಬರಲಿಲ್ಲ. ಆದರೆ ಎಚ್ಚರವಾಗಿ ಮಲಗಿದ್ದಾಗ ಮನಸ್ಸಿಗೆ ಬಂದದ್ದು ಸೊಟ್ಟ ಚಕ್ಕುಲಿಯಲ್ಲವೆಂದೂ, ನಾದಿನಿ ಹೊರಡುವಾಗ 'ಅತ್ತಿಗೆ, ಹದಿನೆಂಟು ವರ್ಷದಲ್ಲಿ ಮೊದಲ ಸಲ ಒರಳು ಕೊಟ್ಟಿರಿ' ಎಂದ ಮಾತೆಂದೂ ಹೇಳಿದರು. ಹದಿನೆಂಟು ಎಂಬ ಲೆಕ್ಕವನ್ನು ನಾದಿನಿ ಇಟ್ಟುಕೊಂಡಿದ್ದರು ಎಂಬುದೇ ಆಕೆಯನ್ನು ಕಾಡಿತ್ತು.

ಶಾಖೆಯ ಪ್ರಯೋಗಗಳು ಹೆಚ್ಚು ಸಲೀಸಾಗಿ ನಡೆದವು. ಇಮೇಲನ್ನು ಎರಡು ಬಾರಿ ಮಾತ್ರ ಓದುವುದು, ಕಿರಿಯರ ಟಿಪ್ಪಣಿಯನ್ನು ತಾನು ಬರೆಯದೆ ಗುರುತು ಹಾಕಿ ವಾಪಸು ಕೊಡುವುದು, ಸಂಜೆ ಏಳಕ್ಕೆ ಕುರ್ಚಿ ಬಿಟ್ಟು ಹೊರಡುವುದು. ನವೆಂಬರಿನಲ್ಲಿ ದಿನಾಂಕ ತಪ್ಪಿದ ಒಂದು ವೋಚರನ್ನು ಆಕೆ ಪಾಸ್ ಮಾಡಿಬಿಟ್ಟರು. ಸಹೋದ್ಯೋಗಿ ಗಮನಿಸಿ ಹೇಳಿದರು, ಹತ್ತು ನಿಮಿಷದಲ್ಲಿ ಸರಿಯಾಯಿತು. ಆ ಹತ್ತು ನಿಮಿಷ ಕಿವಿ ಬಿಸಿಯಾಗಿ ಕೈ ನಡುಗಿತಂತೆ. ಸಹೋದ್ಯೋಗಿ ಮರುದಿನಕ್ಕೆ ಅದನ್ನು ಮರೆತಿದ್ದರು.

ಮಗಳು

ಮಗಳನ್ನು ಎರಡು ಬಾರಿ ಒಬ್ಬಳನ್ನೇ ಭೇಟಿಯಾದೆ. ತಾಯಿಗೆ ತಿಳಿಯದ ಸಂಗತಿಯೊಂದು ಅಲ್ಲಿ ಹೊರಬಂತು. ಅವಳ ಎರಡು ಪ್ರಾಕ್ಟಿಕಲ್ ರೆಕಾರ್ಡುಗಳು ಸಲ್ಲಿಕೆಯಾಗಿರಲಿಲ್ಲ. ಮಾಡಿಲ್ಲವೆಂದಲ್ಲ, ಒಂದು ಚಿತ್ರದಲ್ಲಿ ಗೆರೆ ದಪ್ಪವಾಯಿತೆಂದು ಇಡೀ ಪುಟ ಹರಿದು ಮತ್ತೆ ಬರೆಯುತ್ತ ಕಡೆಯ ದಿನ ದಾಟಿತ್ತು. ಕಾಲೇಜಿನವರು ಇದನ್ನು ಸೋಮಾರಿತನವೆಂದು ತಿಳಿದಿದ್ದರು. ಹೊರಗಿನಿಂದ ನೋಡುವವರಿಗೆ ಕೆಲಸಗಳ್ಳತನ ಮತ್ತು ತಪ್ಪಿನ ಭಯ ಒಂದೇ ತರಹ ಕಾಣುತ್ತವೆ. ಶಿಕ್ಷಕರಾದವರು ಇಲ್ಲಿ ಸ್ವಲ್ಪ ನಿಧಾನಿಸಬೇಕೆಂಬುದು ನನ್ನ ಅಭಿಪ್ರಾಯ.

ಉತ್ತರಪತ್ರಿಕೆ ಏಕೆ ಅಡಗಿಸಿದೆ ಎಂದದ್ದಕ್ಕೆ ಅವಳು, 'ಅಮ್ಮ ಬೈಯುವುದಿಲ್ಲ. ಅಮ್ಮನಿಗೆ ತಲೆನೋವು ಬರುತ್ತದೆ' ಎಂದಳು. ಇದನ್ನು ತಾಯಿಗೆ ತಿಳಿಸಲು ಅನುಮತಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನೇ ಹೇಳುತ್ತೇನೆ ಎಂದಳು. ಹೇಳಲು ಮೂರು ವಾರ ತೆಗೆದುಕೊಂಡಳು. ಆ ರಾತ್ರಿ ತಾಯಿ ಮಗಳಿಗೆ ಜಗಲಿಯ ಎರಡು ರೂಪಾಯಿಯ ಕತೆಯನ್ನು ಹೇಳಿದರಂತೆ; ಅಜ್ಜನ ಬಗ್ಗೆ ಮಗಳಿಗೆ ಅದುವರೆಗೆ ಗೊತ್ತಿದ್ದುದು ಗೋಡೆಯ ಮೇಲಿನ ಪಟ ಮಾತ್ರ.

ಏಪ್ರಿಲ್

ಡಿಸೆಂಬರಿನ ಕೊನೆಯ ಭೇಟಿಯಲ್ಲಿ ಜಿಎಡಿ-7 ಏಳಕ್ಕೆ, ಪಿಎಚ್‌ಕ್ಯೂ-9 ಆರಕ್ಕೆ ಇಳಿದಿದ್ದವು; ಎರಡೂ ಸೌಮ್ಯ ಮಟ್ಟ. ತಲೆನೋವು ವಾರಕ್ಕೆ ನಾಲ್ಕು ದಿನ ಇದ್ದುದು ಒಂದು ದಿನಕ್ಕೆ ಬಂದಿತ್ತು. ಪಾತ್ರೆ ಪತಿಯ ಪಾಲಿಗೆ ಮರಳಿತ್ತು, ಬಾಣಲೆಯೊಂದನ್ನು ಬಿಟ್ಟು. ಅದನ್ನು ತಾನೇ ತೊಳೆಯುತ್ತೇನೆಂದು ಆಕೆ ಬಾಯಿಬಿಟ್ಟು ಹೇಳಿ ಇಟ್ಟುಕೊಂಡಿದ್ದರು. ಬಾಯಿಬಿಟ್ಟು ಹೇಳಿದ್ದರಿಂದ ನಾನು ತಕರಾರು ತೆಗೆಯಲಿಲ್ಲ.

ಮಾರ್ಚ್ 31ರ ವರ್ಷಾಂತ್ಯದ ಲೆಕ್ಕ ಮುಗಿದ ಮೇಲೆ, ಏಪ್ರಿಲ್ ಮೊದಲ ವಾರದಲ್ಲಿ ಅನುಸರಣಾ ಭೇಟಿಗೆ ಬಂದಾಗ ಆಕೆ ಬಳಲಿದ್ದರು. ಮಾರ್ಚಿನ ಕೊನೆಯ ಹತ್ತು ದಿನ ಇಮೇಲುಗಳು ಮತ್ತೆ ಐದಾರು ಓದಿಗೆ ಏರಿದ್ದವು, ಎರಡು ಟಿಪ್ಪಣಿಗಳನ್ನು ಕಿರಿಯರಿಂದ ಕಸಿದುಕೊಂಡು ತಾನೇ ಬರೆದಿದ್ದರು, ಮೂರು ಗಂಟೆಯ ಎಚ್ಚರ ಹಿಂತಿರುಗಿತ್ತು. ಇವೆಲ್ಲವನ್ನೂ ಹಳೆಯ ಡಿಪಾಸಿಟ್ ಚಲನ್ನಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಗೀಚಿಕೊಂಡು ತಂದಿದ್ದರು; ಅಕ್ಷರ ನನಗೆ ಓದಲು ಕಷ್ಟವಾಯಿತು. ಬಡ್ತಿಯ ಅರ್ಜಿಯ ವಿಷಯ ಕೇಳಿದಾಗ ಇನ್ನೂ ಯೋಚಿಸಿಲ್ಲವೆಂದರು. ಮಗಳ ಪರೀಕ್ಷೆ ಮುಗಿದಿದೆ, ಫಲಿತಾಂಶ ಬರಬೇಕು. ಅಂದು ರಜೆ ಹಾಕಬೇಕೋ ಶಾಖೆಯಲ್ಲಿಯೇ ಇರಬೇಕೋ ಎಂದು ತಾಯಿ ಕೇಳಿದ್ದಕ್ಕೆ, ಶಾಖೆಯಲ್ಲಿಯೇ ಇರು ಎಂದು ಮಗಳು ಹೇಳಿದ್ದಾಳೆ.

ಅತ್ತೆಯವರು ಅಡುಗೆಮನೆಗೆ ಮರಳಿಲ್ಲ. ಒಮ್ಮೆ ಆಕೆ ಅಲಸಂಡೆಯ ಕಟ್ಟನ್ನೂ ಮೆಟ್ಟುಕತ್ತಿಯನ್ನೂ ಟಿವಿಯ ಕೋಣೆಗೇ ಒಯ್ದು ಮುಂದಿಟ್ಟರಂತೆ. 'ನನ್ನ ಕೈ ಈಗ ಓಡುವುದಿಲ್ಲ, ನೀನೇ ಹೆಚ್ಚಿಕೊ' ಎಂದು ಅವರು ಕಟ್ಟನ್ನು ಹಿಂದಕ್ಕೆ ಸರಿಸಿದರು. ಅದು ವಯಸ್ಸಿನ ಮಾತೋ ಹಳೆಯ ನೋವಿನ ಮಾತೋ ಎಂದು ಆಕೆ ನನ್ನನ್ನು ಕೇಳಿದರು. ಅತ್ತೆಯವರನ್ನು ನಾನು ಒಮ್ಮೆಯೂ ನೋಡಿಲ್ಲ. ಅವರು ಒಪ್ಪಿದರೆ ಜೂನ್ ಮೊದಲ ವಾರ ಇಬ್ಬರೂ ಜೊತೆಯಾಗಿ ಬರುವುದೆಂದು ದಿನ ಬರೆದುಕೊಂಡೆವು.